65 ಆದ್ಮೇಲೂ ಕೆಲಸದಲ್ಲಿದ್ದು ಆಮೇಲೆ ಮೆಡಿಕೇರ್ ತಗೊಂಡಿದ್ದು: ನನ್ನ ಅನುಭವ

ಅಮೆರಿಕದಲ್ಲಿ ನಮ್ಮ ವಯಸ್ಸಿನ ಕನ್ನಡದವರು ನಾಲ್ಕು ಜನ ಸೇರಿದ್ರೆ ಈಗ ಇದೇ ಮಾತು, ಕೆಲಸ ಇನ್ನೂ ಮಾಡ್ತಿದೀನಿ, ಕಂಪನಿ ಇನ್ಶೂರೆನ್ಸ್ ಚೆನ್ನಾಗೇ ಇದೆ, 65 ಆಯ್ತು ಅಂತ ಮೆಡಿಕೇರ್ (65 ದಾಟಿದವರಿಗೆ ಸರ್ಕಾರದ ಹೆಲ್ತ್ ಇನ್ಶೂರೆನ್ಸ್) ತಗೊಳ್ಲೇಬೇಕಾ? ನಾನು 67ರ ತನಕ ಕೆಲಸ ಮಾಡಿ 2025ರ ಜೂನ್ ಕೊನೆಗೆ ರಿಟೈರ್ ಆದೆ, ಜುಲೈ 1ರಿಂದ ಪೂರ್ತಿ ಮೆಡಿಕೇರ್‌ಗೆ ಬಂದೆ, ಮಧ್ಯೆ ಒಂದು ದಿನಾನೂ ಖಾಲಿ ಬೀಳ್ಲಿಲ್ಲ, ಪೆನಾಲ್ಟಿನೂ ಇಲ್ಲ. ನಾನು ನೋಡಿದ್ದು ಏನಂದ್ರೆ, ನಮ್ಮಂಥವರಿಗೆ 65ರ ಹುಟ್ಟುಹಬ್ಬಕ್ಕಿಂತ ಕೆಲಸ ಬಿಡೋ ದಿನ ಮುಖ್ಯ, ಅದನ್ನ ಗೊತ್ತುಮಾಡ್ಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕ್ಬೇಕು.

ಆದ್ರೆ ಅದಕ್ಕೂ ಮೊದ್ಲು ಕಂಪನೀಲಿ ಎಷ್ಟು ಜನ ಇದಾರೆ ಅಂತ ಕೇಳ್ಕೊಳ್ಳಿ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ರೆ ಕಂಪನಿ ಪ್ಲಾನ್ ಮೊದ್ಲು ದುಡ್ಡು ಕೊಡತ್ತೆ, ಮೆಡಿಕೇರ್ ಎರಡನೇದು, ಹಾಗಾಗಿ ಪಾರ್ಟ್ ಬಿ ಮುಂದಕ್ಕೆ ಹಾಕಬಹುದು (ಮೆಡಿಕೇರ್‌ನಲ್ಲಿ ಪಾರ್ಟ್ ಎ ಆಸ್ಪತ್ರೆ ಖರ್ಚಿಗೆ, ಪಾರ್ಟ್ ಬಿ ಡಾಕ್ಟರ್ ಖರ್ಚಿಗೆ). 20ಕ್ಕಿಂತ ಕಮ್ಮಿ ಇದ್ರೆ ಉಲ್ಟಾ, ಮೆಡಿಕೇರ್ ಮೊದ್ಲು. ನನ್ನ ಸ್ನೇಹಿತರೊಬ್ರು ಹತ್ತು ಹನ್ನೆರಡು ಜನರ ಸಣ್ಣ ಕನ್ಸಲ್ಟಿಂಗ್ ಕಂಪನೀಲಿದ್ರು, ಅವರಿಗೆ 65ಕ್ಕೇ ಎ, ಬಿ ಎರಡೂ ತಗೊಳ್ಳಿ ಸಾರ್ ಅಂತ ಒತ್ತಾಯ ಮಾಡಿ ಹೇಳ್ದೆ, ಯಾಕಂದ್ರೆ ಅಂಥ ಕಡೆ ಮೆಡಿಕೇರ್ ಕೊಡಬೇಕಾಗಿದ್ದ ಪಾಲನ್ನ ಕಂಪನಿ ಪ್ಲಾನ್ ಕೊಡಲ್ಲ ಅನ್ನಬಹುದು, ಆಪರೇಷನ್ ಬಿಲ್‌ನ ಆ ಪಾಲು ನಮ್ಮ ತಲೆ ಮೇಲೆ ಬರತ್ತೆ.

ಪಾರ್ಟ್ ಎ ಪ್ರೀಮಿಯಂ ಇಲ್ದೆ ಸಿಗೋಕೆ 40 ಕ್ರೆಡಿಟ್, ಅಂದ್ರೆ ಸುಮಾರು 10 ವರ್ಷ ಇಲ್ಲಿ ಟ್ಯಾಕ್ಸ್ ಕಟ್ಟಿ ಕೆಲಸ ಮಾಡಿರಬೇಕು. ಎಚ್-1ಬಿಯಲ್ಲಿದ್ದಾಗ ಕಟ್ಟಿದ್ದೂ ಲೆಕ್ಕಕ್ಕೆ ಬರತ್ತೆ. ಊರಲ್ಲಿ ಮಾಡಿದ ಸರ್ವೀಸ್ ಬರಲ್ಲ. ತಡವಾಗಿ ಬಂದವರು ಇದನ್ನ ಮುಂಚೇನೇ ನೋಡ್ಕೊಳ್ಳಿ.

ಈಗ ಎಚ್‌ಎಸ್‌ಎ ವಿಷಯ, ಅಂದ್ರೆ ಚಿಕಿತ್ಸೆ ಖರ್ಚಿಗೆ ಅಂತ ಟ್ಯಾಕ್ಸ್ ಇಲ್ದೆ ಸಂಬಳದಿಂದ ದುಡ್ಡು ಕೂಡಿಡೋ ಖಾತೆ, ಇದು ಸ್ವಲ್ಪ ಜಟಿಲ. ಎಲ್ಲರೂ ಪಾರ್ಟ್ ಎ ಫ್ರೀ ಅಲ್ವಾ ತಗೊಂಡಿಟ್ಕೊಳ್ಳಿ ಅಂತಾರೆ, ಆದ್ರೆ ಮೆಡಿಕೇರ್‌ನ ಯಾವ ಪಾರ್ಟ್ ಶುರುವಾದ್ರೂ ಎಚ್‌ಎಸ್‌ಎಗೆ ದುಡ್ಡು ಹಾಕೋ ಹಾಗಿಲ್ಲ, ಹಾಕಿದ್ರೆ ಹೆಚ್ಚಾದ ದುಡ್ಡಿನ ಮೇಲೆ ವರ್ಷಕ್ಕೆ 6% ದಂಡ. ಅದಕ್ಕೇ ನಾನು 65ಕ್ಕೆ ಎ ತಗೊಳ್ಲಿಲ್ಲ, ಸೋಶಿಯಲ್ ಸೆಕ್ಯುರಿಟಿ ಪೆನ್ಶನ್ನೂ ಶುರು ಮಾಡ್ಲಿಲ್ಲ, ಯಾಕಂದ್ರೆ ಅದು ತಗೊಳ್ತಿದ್ರೆ 65ಕ್ಕೆ ಪಾರ್ಟ್ ಎ ತಾನಾಗೇ ಬಂದುಬಿಡತ್ತೆ. ಇನ್ನೊಂದು ಏನಂದ್ರೆ, 65 ಆದ್ಮೇಲೆ ತಡವಾಗಿ ಅರ್ಜಿ ಹಾಕಿದ್ರೆ ಪಾರ್ಟ್ ಎ ಅರ್ಜಿ ಹಾಕಿದ ತಿಂಗಳಿಂದ 6 ತಿಂಗಳವರೆಗೂ ಹಿಂದಕ್ಕೆ ಹೋಗಿ ಕೂತ್ಕೊಳತ್ತೆ. ನಾನು ಅರ್ಜಿ ಹಾಕಬೇಕು ಅಂದ್ಕೊಂಡಿದ್ದು 2025ರ ಮೇ, ಹಿಂದಕ್ಕೆ ಎಣಿಸಿದ್ರೆ 2024ರ ನವೆಂಬರ್. ಸೋ ಅಕ್ಟೋಬರ್ ಸಂಬಳಕ್ಕೆ ಎಚ್‌ಎಸ್‌ಎ ಕಟ್ ನಿಲ್ಲಿಸಿ ಅಂತ ಪೇರೋಲ್‌ಗೆ ಮೇಲ್ ಹಾಕ್ದೆ. 2024ರ ಫ್ಯಾಮಿಲಿ ಮಿತಿ 8,300 ಡಾಲರ್, 55 ದಾಟಿದವರಿಗೆ ಇನ್ನೊಂದು 1,000, ಒಟ್ಟು 9,300, ಅದರಲ್ಲಿ ನನಗೆ ಸಿಗೋದು 12ರಲ್ಲಿ 10 ತಿಂಗಳ ಪಾಲು, 7,750. ಕಂಪನಿ ಹಾಕೋ ದುಡ್ಡೂ ಇದರೊಳಗೇ ಬರಬೇಕು. ಒಳಗಿರೋ ದುಡ್ಡು ಎಲ್ಲೂ ಹೋಗಲ್ಲ, ಈಗ ಪಾರ್ಟ್ ಬಿ ಪ್ರೀಮಿಯಂ ಅದರಿಂದಲೇ ತೆಗೀತಿದೀನಿ.

ಆಮೇಲೆ ಪಾರ್ಟ್ ಬಿ ಅರ್ಜಿ ಜೊತೆ ಕೊಡೋ ಎಲ್564 ಫಾರ್ಮ್. 65ರಿಂದ ಇಲ್ಲಿವರೆಗೂ ಕೆಲಸದ ಮೇಲಿನ ಇನ್ಶೂರೆನ್ಸ್ ಇತ್ತು ಅನ್ನೋದಕ್ಕೆ ಪುರಾವೆ ಇದೇ, ಮೇಲಿನ ಭಾಗ ನಾವು ತುಂಬಿ ಕೆಳಗಿನದನ್ನ ಎಚ್‌ಆರ್ ಕೈಲಿ ತುಂಬಿಸಿ ಸೈನ್ ಮಾಡಿಸ್ಬೇಕು. ನಮ್ಮ ಕಂಪನಿ ಮಧ್ಯದಲ್ಲಿ ಇನ್ಶೂರೆನ್ಸ್ ಕಂಪನಿ ಬದಲಾಯಿಸಿತ್ತು, ಎಚ್‌ಆರ್ ಹುಡುಗಿ ಕವರೇಜ್ ಶುರುವಾದ ದಿನ ಅಂತ ಹೊಸ ಕಂಪನಿಯ ದಿನಾಂಕ ಬರೆದಿದ್ಲು. ಹಾಗೇ ಕಳಿಸಿದ್ರೆ 65ರಿಂದ ಆ ದಿನದವರೆಗೂ ನನಗೆ ಇನ್ಶೂರೆನ್ಸೇ ಇರ್ಲಿಲ್ಲ ಅಂತ ಕಾಣ್ತಿತ್ತು. ನೋಡಮ್ಮ, ಅದು ಕೇಳೋದು ಕಂಪನಿಯ ಗ್ರೂಪ್ ಪ್ಲಾನ್‌ಗೆ ನಾನು ಯಾವಾಗ ಸೇರಿದೆ ಅಂತ ಅಂದೆ, ಪಾಪ ತಕ್ಷಣ ಹಳೇ ದಿನಾಂಕ ಹಾಕಿ ಹೊಸ ಪ್ರತಿ ಕೊಟ್ಲು. ಸೈನ್ ಆದ ಕಾಗದ ಕೈಗೆ ಬಂದಾಗ ಆ ಸಾಲುಗಳನ್ನ ಅಲ್ಲೇ ನಿಂತು ಓದಿ.

ಕೋಬ್ರಾ, ಅಂದ್ರೆ ಕೆಲಸ ಬಿಟ್ಟ ಮೇಲೂ ನಾವೇ ದುಡ್ಡು ಕಟ್ಟಿ ಕಂಪನಿ ಪ್ಲಾನ್ ಮುಂದುವರಿಸೋದು, ಅದರ ಬಗ್ಗೆ ಎಷ್ಟು ಹೇಳಿದ್ರೂ ಸಾಲದು. ಕೆಲಸ ಬಿಟ್ಟ ಮೇಲೆ 18 ತಿಂಗಳು ಅದೇ ಪ್ಲಾನ್ ಇಟ್ಕೋಬಹುದು, ಅದು ಮುಗಿದ ಮೇಲೆ ಮೆಡಿಕೇರ್ ಅಂದ್ಕೊಳ್ಳೋರು ಬಹಳ ಜನ. ಆದ್ರೆ ಪಾರ್ಟ್ ಬಿಗೆ ಸಿಗೋ 8 ತಿಂಗಳ ಗಡುವು ಕೆಲಸ ಅಥವಾ ಕೆಲಸದ ಮೇಲಿನ ಕವರೇಜ್, ಯಾವುದು ಮೊದ್ಲು ಮುಗಿಯತ್ತೋ ಅಲ್ಲಿಂದ ಓಡೋಕೆ ಶುರುವಾಗತ್ತೆ, ಕೋಬ್ರಾ ಇದ್ರೂ ಅದು ನಿಲ್ಲಲ್ಲ. ತಪ್ಪಿದ್ರೆ ಜನವರಿಯಿಂದ ಮಾರ್ಚ್‌ವರೆಗಿನ ಜನರಲ್ ಎನ್ರೋಲ್ಮೆಂಟ್‌ಗೆ ಕಾಯಬೇಕು, ಜೊತೆಗೆ ತಡವಾದ ಪ್ರತಿ ಪೂರ್ತಿ 12 ತಿಂಗಳಿಗೆ 10% ಜಾಸ್ತಿ, ಅದೂ ಜೀವನಪೂರ್ತಿ. 2025ರಲ್ಲಿ ಪಾರ್ಟ್ ಬಿ ತಿಂಗಳಿಗೆ 185 ಡಾಲರ್ ಇತ್ತು, ಎರಡು ವರ್ಷ ತಡ ಆದವರಿಗೆ ಅದು 222. ಔಷಧಿಯ ಪಾರ್ಟ್ ಡಿಗೆ ಗಡುವು ಇನ್ನೂ ಚಿಕ್ಕದು, ಕಂಪನಿ ಕವರೇಜ್ ಹೋದ ಮೇಲೆ ಎರಡೇ ತಿಂಗಳು.

ಇನ್ನು ಪ್ರೀಮಿಯಂ. ಎರಡು ವರ್ಷ ಹಿಂದಿನ ಟ್ಯಾಕ್ಸ್ ರಿಟರ್ನ್ ನೋಡಿ ಹೆಚ್ಚುವರಿ ಹಾಕ್ತಾರೆ, ಇರ್ಮಾ ಅಂತಾರೆ ಅದಕ್ಕೆ. 2025ಕ್ಕೆ ಗಂಡ ಹೆಂಡತಿ ಆದಾಯ ಸೇರಿ 212,000 ಡಾಲರ್ ದಾಟಿದ್ರೆ ಬೀಳ್ತಿತ್ತು, ನಮ್ಮ 2023ರ ಆದಾಯ ದಾಟಿತ್ತು, ಹಾಗಾಗಿ 185 ಬದಲು 259 ಅಂತ ಕಾಗದ ಬಂತು. ಸಂಬಳ ನಿಂತಿದೆಯಲ್ಲ, ಸೋಶಿಯಲ್ ಸೆಕ್ಯುರಿಟಿ ಆಫೀಸಿನ ಎಸ್‌ಎಸ್‌ಎ-44 ಫಾರ್ಮ್‌ನಲ್ಲಿ ಕೆಲಸ ಬಿಟ್ಟಿದ್ದು ಅಂತ ಗುರುತು ಹಾಕಿ, ಕಂಪನಿಯ ರಿಟೈರ್ಮೆಂಟ್ ಪತ್ರ ಲಗತ್ತಿಸಿ, ಆ ವರ್ಷದ ಅಂದಾಜು ಆದಾಯ ಬರೆದು ಕೊಟ್ಟೆ, ಇಳಿಸಿದ್ರು. ಇದನ್ನ ಯಾರೂ ತಾವಾಗೇ ಹೇಳಲ್ಲ, ಎಷ್ಟೋ ಜನ ಸುಮ್ನೆ ಕಟ್ಕೊಂಡು ಹೋಗ್ತಿದಾರೆ, ಅದು ನೋಡಿದಾಗ ಹೊಟ್ಟೆ ಉರಿಯತ್ತೆ.

ಪಾರ್ಟ್ ಬಿ ಶುರುವಾದ ಮೇಲಿನ 6 ತಿಂಗಳಲ್ಲಿ ಮೆಡಿಗ್ಯಾಪ್ (ಮೆಡಿಕೇರ್ ಕೊಡದೆ ಬಿಟ್ಟ ಪಾಲಿಗೆ ಖಾಸಗಿ ಪಾಲಿಸಿ) ತಗೊಂಡ್ರೆ ಕಾಯಿಲೆ ಇದೆ ಅಂತ ಕೊಡದೆ ಇರೋ ಹಾಗಿಲ್ಲ. ನಾನು ಅದರಲ್ಲಿ ಪ್ಲಾನ್ ಜಿ ತಗೊಂಡೆ, ಒಂದು ಕಾರಣ ಊರಿಗೆ ಹೋಗೋದು. ಮೆಡಿಕೇರ್ ಅಮೆರಿಕದ ಹೊರಗೆ ಸಾಮಾನ್ಯವಾಗಿ ಕೊಡಲ್ಲ, ಪ್ಲಾನ್ ಜಿ ಪ್ರಯಾಣದ ಮೊದಲ 60 ದಿನದ ಎಮರ್ಜೆನ್ಸಿಗೆ 250 ಡಾಲರ್ ನಮ್ಮಿಂದ ಕಟ್ಟಿಸ್ಕೊಂಡು ಉಳಿದಿದ್ದರಲ್ಲಿ 80% ಕೊಡತ್ತೆ, ಜೀವಮಾನಕ್ಕೆ 50,000 ಮಿತಿ. ಡಿಸೆಂಬರ್‌ನಲ್ಲಿ ಹೋಗಿ ಮಾರ್ಚ್‌ಗೆ ಬರೋರು ಬೇರೆ ಟ್ರಾವೆಲ್ ಇನ್ಶೂರೆನ್ಸ್ ಸೇರಿಸ್ಕೊಳ್ಳಲೇಬೇಕು.

ನಮ್ಮ ಮನೆಯವರಿಗೆ ನಾನು ರಿಟೈರ್ ಆದಾಗ ಇನ್ನೂ 65 ಆಗಿರ್ಲಿಲ್ಲ, ಮೆಡಿಕೇರ್‌ನಲ್ಲಿ ಫ್ಯಾಮಿಲಿ ಪ್ಲಾನ್ ಅನ್ನೋದೇ ಇಲ್ಲ. ಅವರಿಗೆ ಮಾತ್ರ ಕೋಬ್ರಾ ಹಾಕಿಸ್ದೆ. ದುಬಾರಿನೇ, ಪೂರ್ತಿ ಪ್ರೀಮಿಯಂ ಮೇಲೆ ಇನ್ನೂ 2% ಸೇರಿಸ್ತಾರೆ, ಆದ್ರೆ ಅವರ ಡಾಕ್ಟರು ಬದಲಾಗೋದು ಇಬ್ಬರಿಗೂ ಬೇಡ ಅನ್ನಿಸ್ತು, ಕನಿಷ್ಠ 18 ತಿಂಗಳು, ಅಂದ್ರೆ 2026ರ ಡಿಸೆಂಬರ್ ತನಕ ಬರತ್ತೆ, ಅವರಿಗೆ 65 ಆಗೋದು ಸೆಪ್ಟೆಂಬರ್‌ನಲ್ಲಿ. ಅಲ್ಲೂ ಕೋಬ್ರಾ ಇದೆಯಲ್ಲ ಅಂತ ಡಿಸೆಂಬರ್ ತನಕ ಎಳೆಯೋದಿಲ್ಲ. ಜೂನ್‌ನಲ್ಲೇ ಅರ್ಜಿ, ಪಾರ್ಟ್ ಎ ನನ್ನ ಕ್ರೆಡಿಟ್ ಮೇಲೆ, ಪಾರ್ಟ್ ಬಿ 2026ರ ದರ 202.90, ಆಗಸ್ಟ್ 31ಕ್ಕೆ ಕೋಬ್ರಾ ಬಂದ್. ಅವರಿಗೆ 2024ರ ರಿಟರ್ನ್ ನೋಡ್ತಾರೆ, ಅದರಲ್ಲಿ ನನ್ನ ಪೂರ್ತಿ ವರ್ಷದ ಸಂಬಳ ಇದೆ, ಹಾಗಾಗಿ ಅವರ ಹೆಸರಲ್ಲೂ ಒಂದು ಎಸ್‌ಎಸ್‌ಎ-44 ಕೊಡಬೇಕಾಗತ್ತೆ, ರಿಟೈರ್ಮೆಂಟ್ ಪತ್ರದ ಇನ್ನೊಂದು ಪ್ರತಿ ಅದಕ್ಕೇ ಅಂತ ಎತ್ತಿಟ್ಟಿದೀನಿ.