ವಾರಂಟಿ ಇದೆ, ಆದರೆ ‘ಪ್ರಾಬ್ಲಂ ಕಾಣಿಸ್ತಿಲ್ಲ’ ಅಂದರೆ?

ಗೇಮಿಂಗ್ ಲ್ಯಾಪ್‌ಟಾಪ್ ಪೂರ್ತಿ ಕೆಟ್ಟುಹೋದರೆ ಅಷ್ಟು ತಲೆನೋವಿಲ್ಲ. ಅರ್ಧಂಬರ್ಧ ಕೆಟ್ಟಾಗಲೇ ಕಷ್ಟ. ಆನ್ ಆಗುತ್ತದೆ, ಬ್ರೌಸರ್ ಓಡುತ್ತದೆ, ಸಿನಿಮಾನೂ ನೋಡಬಹುದು. ಆಟ ಹಾಕಿ ಅರ್ಧ ಗಂಟೆ ಕಳೆದ ಮೇಲೆ ಮಾತ್ರ ಸ್ಕ್ರೀನ್ ಕಪ್ಪಾಗಿ, ಫ್ಯಾನ್ ಜೋರಾಗಿ ಕೂಗಿ, ದಪ್ಪಂತ ಆಫ್ ಆಗುತ್ತದೆ. ಸರ್ವಿಸ್ ಸೆಂಟರ್‌ಗೆ ಕೊಟ್ಟರೆ ಡಾಕ್ಟರ ಮುಂದೆ ಕೂತ ಕೂಡಲೇ ಮಾಯವಾಗುವ ಹಲ್ಲುನೋವಿನ ಹಾಗೆ, ಏನೂ ಆಗುವುದಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ, ವಿಂಡೋಸ್ ಹೊಸದಾಗಿ ಹಾಕಿ, ‘ಸರಿ ಇದೆ’ ಎಂದು ವಾಪಸ್ ಕೊಡುತ್ತಾರೆ. ಮನೆಗೆ ತಂದು ಆಟ ಹಾಕಿದರೆ ಮತ್ತೆ ಅದೇ ಕತೆ.

ಇದಕ್ಕೆ ಕೌಂಟರ್ ಮುಂದೆ ಕೂಗಾಡಿ ಪ್ರಯೋಜನ ಇಲ್ಲ. ತೊಂದರೆ ಅವರ ಟೇಬಲ್ ಮೇಲೇ ಬರುವಂತೆ ನೀವೇ ದಾರಿ ಮಾಡಿಕೊಡಬೇಕು, ಅದೆಲ್ಲ ಕಾಗದದಲ್ಲಿ ಇರುವಂತೆಯೂ ನೋಡಿಕೊಳ್ಳಬೇಕು.

ಫೋನ್ ಮಾಡುವ ಮೊದಲು

ಕಸ್ಟಮರ್ ಕೇರ್‌ನವರು ಏನು ಕೇಳುತ್ತಾರೆ ಎನ್ನುವುದು ಮೊದಲೇ ಗೊತ್ತಿರುವ ವಿಷಯ. ಡ್ರೈವರ್ ಅಪ್‌ಡೇಟ್ ಮಾಡಿದಿರಾ, ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆಯಾ, ವಿಂಡೋಸ್ ರೀಸೆಟ್ ಮಾಡಿ ನೋಡಿದಿರಾ. ಇದನ್ನೆಲ್ಲ ಮುಗಿಸಿಯೇ ಫೋನ್ ಮಾಡಿ. ಯಾವ ತಾರೀಖು ಏನು ಮಾಡಿದಿರಿ ಎಂದು ಬರೆದಿಟ್ಟುಕೊಳ್ಳಿ. ಓವರ್‌ಕ್ಲಾಕ್ (ಚಿಪ್‌ನ ವೇಗ ಏರಿಸುವುದು), ಅಂಡರ್‌ವೋಲ್ಟ್ (ಅದಕ್ಕೆ ಹೋಗುವ ವೋಲ್ಟೇಜ್ ಇಳಿಸುವುದು) ಅಂತ ಏನಾದರೂ ಕೈಯಾಡಿಸಿದ್ದರೆ ಎಲ್ಲವನ್ನೂ ಮೊದಲಿನ ಹಾಗೆ ಮಾಡಿ. ಚಾರ್ಜರ್ ಕೂಡ ಲ್ಯಾಪ್‌ಟಾಪ್ ಜೊತೆಗೆ ಬಂದದ್ದೇ ಆಗಿರಲಿ. 230 ಅಥವಾ 330 ವ್ಯಾಟ್ ಬೇಡುವ ಯಂತ್ರಕ್ಕೆ 100 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಹಾಕಿ ಆಡಿದರೆ ವೇಗ ಬಿದ್ದೇ ಬೀಳುತ್ತದೆ. ಅದನ್ನು ಕೆಟ್ಟಿದೆ ಅನ್ನೋಕಾಗಲ್ಲ.

ಸಾಕ್ಷಿ ಕೂಡಿಸುವುದು

ಇದೇ ಮುಖ್ಯವಾದ ಕೆಲಸ, ಇದಕ್ಕೆ ಒಂದು ಸಂಜೆ ಪೂರ್ತಿ ಹೋದರೂ ಪರವಾಗಿಲ್ಲ.

ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ವಿಂಡೋಸ್ ತಾನೇ ಇಟ್ಟುಕೊಂಡಿರುವ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ. ದಿನಕ್ಕೊಂದು ಕಾಲಂ, ಲ್ಯಾಪ್‌ಟಾಪ್ ಕೈಕೊಟ್ಟ ದಿನಗಳಲ್ಲಿ ಕೆಂಪು ಗುರುತು. ಇದರ ಫೋಟೊ ತೆಗೆಯಿರಿ. ಇನ್ನು ವಿಂಡೋಸ್‌ನಲ್ಲೇ ಇರುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆ ಹುಡುಕಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾದಾಗ ಬೀಳುವ ದಾಖಲೆ ಅದು. ಯಾಕೆ ಆಫ್ ಆಯಿತು ಎಂದು ಅದು ಹೇಳುವುದಿಲ್ಲ, ಆದರೆ ಹಾಗೆ ಆಫ್ ಆದ ಮೇಲೆ ಯಾವ ದಿನ ಎಷ್ಟು ಗಂಟೆಗೆ ಮತ್ತೆ ಶುರುವಾಯಿತು ಎಂದು ಹೇಳುತ್ತದೆ. ‘ಆಗಾಗ ಆಫ್ ಆಗುತ್ತೆ ಸರ್’ ಅನ್ನುವುದಕ್ಕೂ ತಾರೀಖು, ಸಮಯ ಇರುವ ಪಟ್ಟಿ ಮುಂದಿಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್‌ಗಳ ಬಿಸಿ, ವೇಗ, ಕರೆಂಟ್ ಬಳಕೆ ಎಲ್ಲವನ್ನೂ ಫೈಲಿಗೆ ಬರೆದಿಡುತ್ತದೆ. ಅದನ್ನು ಓಡಲು ಬಿಟ್ಟು ಆಟ ಆಡಿ. ಅದರ ಜೊತೆಗೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ವಿಡಿಯೊದಲ್ಲಿ ಸ್ಕ್ರೀನ್ ಜೊತೆಗೆ ಚಾರ್ಜರ್ ಚುಚ್ಚಿರುವುದೂ ಕಾಣಬೇಕು, ಇಲ್ಲದಿದ್ದರೆ ಬ್ಯಾಟರಿ ಖಾಲಿಯಾಗಿ ಆಫ್ ಆಗಿರಬಹುದು ಎಂದುಬಿಡುತ್ತಾರೆ.

‘ತುಂಬಾ ಬಿಸಿಯಾಗುತ್ತೆ’ ಎಂದಷ್ಟೇ ದೂರು ಬರೆಸಬೇಡಿ. ಈಗಿನ ಎಷ್ಟೋ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 95–100 ಡಿಗ್ರಿ ಸೆಲ್ಸಿಯಸ್‌ವರೆಗೆ ಓಡುವ ಹಾಗೇ ತಯಾರಾಗಿರುತ್ತವೆ, ಹಾಗಾಗಿ ‘ಇದು ನಾರ್ಮಲ್’ ಎಂಬ ಒಂದೇ ಮಾತಿನಲ್ಲಿ ನಿಮ್ಮನ್ನು ಸಾಗಹಾಕುತ್ತಾರೆ, ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಬಿಸಿಯಿಂದ ಏನಾಗುತ್ತಿದೆ ಎಂದು ಹೇಳಿ. ಇಷ್ಟು ನಿಮಿಷ ಆದಮೇಲೆ ವೇಗ ಅರ್ಧಕ್ಕೆ ಇಳಿಯುತ್ತದೆ, ಒಂದು ಫ್ಯಾನ್ ತಿರುಗುವುದೇ ಇಲ್ಲ, ಆಮೇಲೆ ಆಫ್ ಆಗುತ್ತದೆ. ಹೀಗೆ.

ನೀವು ಆಡುವ ಆಟ ಸರ್ವಿಸ್ ಸೆಂಟರ್‌ನಲ್ಲಿ ಇರುವುದಿಲ್ಲ, ಇದ್ದರೂ ಯಾರೂ ಕೂತು ಆಡುವುದಿಲ್ಲ. ಅದಕ್ಕೇ ಯುನಿಜಿನ್ ಹೆವೆನ್ ತರಹದ ಉಚಿತ ಬೆಂಚ್‌ಮಾರ್ಕ್ (ಗ್ರಾಫಿಕ್ಸ್ ಚಿಪ್‌ಗೆ ಆಟದಷ್ಟೇ ಭಾರ ಹಾಕಿ ಪರೀಕ್ಷಿಸುವ ಸಾಫ್ಟ್‌ವೇರ್) ಹಾಕಿ ಅದರಲ್ಲೂ ತೊಂದರೆ ಬರುತ್ತಾ ನೋಡಿ. ಬಂದರೆ ನಿಮ್ಮ ಅರ್ಧ ಕೆಲಸ ಆಯಿತು. ಒಂದು ಹಾಳೆಯಲ್ಲಿ ಬರೆಯಿರಿ: ಚಾರ್ಜರ್ ಹಾಕಿ, ಪರ್ಫಾರ್ಮೆನ್ಸ್ ಮೋಡ್ ಇಟ್ಟು, ಡೆಸ್ಕ್‌ಟಾಪ್ ಮೇಲಿರುವ ಈ ಐಕಾನ್ ಒತ್ತಿ, ಇಷ್ಟು ಹೊತ್ತು ಬಿಡಿ. ಆ ಹಾಳೆಯನ್ನು ಲ್ಯಾಪ್‌ಟಾಪ್ ಮುಚ್ಚಳದ ಮೇಲೆ ಟೇಪ್ ಹಾಕಿ ಅಂಟಿಸಿ. ಕೌಂಟರ್‌ನಲ್ಲಿ ಹೇಳಿದ್ದು ಒಳಗೆ ಕೂತ ಎಂಜಿನಿಯರ್‌ವರೆಗೆ ಎಷ್ಟೋ ಸಲ ಹೋಗುವುದೇ ಇಲ್ಲ, ಅಂಟಿಸಿದ ಹಾಳೆ ಹೋಗುತ್ತದೆ.

ಡೇಟಾ

ಬ್ಯಾಕಪ್ ಮಾಡಿ. ಕೊಟ್ಟ ಮೇಲೆ ಡಿಸ್ಕ್ ಖಾಲಿಯಾಗಿಯೇ ಬರುತ್ತದೆ ಎಂದುಕೊಂಡು ಮಾಡಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬೇರೆ ಕಡೆ ಬರೆದಿಡಿ, ಮದರ್‌ಬೋರ್ಡ್ ಬದಲಾದರೆ ಅದನ್ನು ಕೇಳುತ್ತದೆ. ನಿಮ್ಮ ಪಾಸ್‌ವರ್ಡ್ ಕೊಡಬೇಡಿ, ಬೆಂಚ್‌ಮಾರ್ಕ್ ಮಾತ್ರ ಇರುವ ಇನ್ನೊಂದು ಅಕೌಂಟ್ ಮಾಡಿಕೊಡಿ.

ಜಾಬ್ ಶೀಟ್ ಓದದೆ ಸಹಿ ಹಾಕಬೇಡಿ

ಲ್ಯಾಪ್‌ಟಾಪ್ ತೆಗೆದುಕೊಳ್ಳುವಾಗ ಅವರು ದೂರು ಬರೆಯುವ ಕಾಗದವೇ ಜಾಬ್ ಶೀಟ್. ಕೌಂಟರ್‌ನಲ್ಲಿ ಗಡಿಬಿಡಿ ಇರುತ್ತದೆ. ನೀವು ಐದು ನಿಮಿಷ ವಿವರಿಸಿದ್ದನ್ನು ‘ಹ್ಯಾಂಗಿಂಗ್’ ಎಂದು ಒಂದೇ ಪದದಲ್ಲಿ ಬರೆದು ಮುಗಿಸುತ್ತಾರೆ. ಹಾಗೆ ಬರೆದರೆ ರಿಪೇರಿಯೂ ಹಾಗೇ ಆಗುತ್ತದೆ, ಅಂದರೆ ಫಾರ್ಮ್ಯಾಟ್. ‘ಗ್ರಾಫಿಕ್ಸ್ ಲೋಡ್ ಬಿದ್ದಾಗ ತಾನಾಗಿ ಆಫ್ ಆಗುತ್ತದೆ, ವಿಡಿಯೊ ಇದೆ’ ಎಂದು ಪೂರ್ತಿ ಬರೆಸಿ. ಜಾಗ ಇಲ್ಲ ಎಂದರೆ ಅದನ್ನೇ ಇ-ಮೇಲ್ ಮಾಡಿ, ಟಿಕೆಟ್ ನಂಬರ್ (ನಿಮ್ಮ ದೂರಿನ ಸಂಖ್ಯೆ) ಹಾಕಿ.

ಅದೇ ಶೀಟಿನಲ್ಲಿ ಲ್ಯಾಪ್‌ಟಾಪ್ ಸ್ಥಿತಿ ಬರೆಯುವ ಜಾಗ ಇರುತ್ತದೆ. ಮೂಲೆಯಲ್ಲಿ ಒಂದು ಗೀರು ಇದ್ದರೆ ‘ಫಿಸಿಕಲ್ ಡ್ಯಾಮೇಜ್’ ಎಂದು ಬರೆದುಬಿಡುವ ಅಭ್ಯಾಸ ಕೆಲವರಿಗಿದೆ. ಬಿದ್ದು ಒಡೆದದ್ದು, ನೀರು ಬಿದ್ದದ್ದು ಸಾಮಾನ್ಯ ವಾರಂಟಿಗೆ ಬರುವುದಿಲ್ಲ, ಹಾಗಾಗಿ ಈ ಎರಡು ಪದ ಮುಂದೆ ನಿಮ್ಮ ಕುತ್ತಿಗೆಗೇ ಬರಬಹುದು. ‘ಮುಚ್ಚಳದ ಬಲ ಮೂಲೆಯಲ್ಲಿ ಸಣ್ಣ ಗೀರು’ ಎಂದೇ ಬರೆಯಲಿ. ಕೊಡುವ ಮೊದಲು ನಾಲ್ಕೂ ಕಡೆಯಿಂದ, ತಳದಿಂದ, ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೊ ತೆಗೆದಿಡಿ. ಚಾರ್ಜರ್ ಕೊಟ್ಟಿದ್ದರೆ ಅದೂ ಶೀಟಿನಲ್ಲಿ ಇರಬೇಕು.

‘ಪಾರ್ಟ್ ಬಂದಿಲ್ಲ’

ಈ ಉತ್ತರ ಬಂದೇ ಬರುತ್ತದೆ. ಯಾವ ಪಾರ್ಟ್, ಯಾವಾಗ ಆರ್ಡರ್ ಆಗಿದೆ, ಯಾವಾಗ ಬರಬಹುದು ಎಂಬ ಮೂರು ಪ್ರಶ್ನೆ ಇ-ಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಏನೇ ಹೇಳಲಿ, ಮಾತು ಮುಗಿದ ತಕ್ಷಣ ‘ನೀವು ಈಗ ಹೀಗೆ ಹೇಳಿದಿರಿ’ ಎಂದು ಎರಡು ಸಾಲು ಕಳಿಸಿಬಿಡಿ. ಸ್ವಲ್ಪ ಅತಿ ಅನ್ನಿಸಬಹುದು, ಆದರೆ ಮೇಲಿನವರಿಗೆ ದೂರು ಹೋಗುವ ಹೊತ್ತಿಗೆ ಅಥವಾ ಗ್ರಾಹಕ ಕಾನೂನಿನ ಬಾಗಿಲು ತಟ್ಟುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಇದೇ ಸಾಲುಗಳು, ಅಲ್ವಾ? ಬೈಗುಳ ಮಾತ್ರ ಬರೆಯಬೇಡಿ, ಆಮೇಲೆ ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ.

ವಾಪಸ್ ತರುವಾಗ

ಅಲ್ಲೇ ಆನ್ ಮಾಡಿ. ಅದೇ ಬೆಂಚ್‌ಮಾರ್ಕ್ ಓಡಿಸಿ, ಅವರು ಮುಖ ಸಿಂಡರಿಸಿದರೂ ಸರಿ. ರ‍್ಯಾಮ್, ಎಸ್‌ಎಸ್‌ಡಿ ಮೊದಲಿನಷ್ಟೇ ಇವೆಯಾ, ತಳದ ಸ್ಕ್ರೂ ಎಲ್ಲ ಇವೆಯಾ, ಕೀಬೋರ್ಡ್ ಲೈಟ್ ಉರಿಯುತ್ತಾ ನೋಡಿ. ಮದರ್‌ಬೋರ್ಡ್ ಬದಲಾಗಿದ್ದರೆ ಬಯೋಸ್‌ನಲ್ಲಿರುವ ಸೀರಿಯಲ್ ನಂಬರ್ ತಳದ ಸ್ಟಿಕರ್‌ಗೆ ಹೊಂದಬೇಕು, ಇಲ್ಲದಿದ್ದರೆ ಮುಂದಿನ ಸಲ ವಾರಂಟಿಯಲ್ಲಿ ನಿಮ್ಮ ಯಂತ್ರ ಯಾವುದು ಎಂದೇ ಗೊಂದಲ. ವಿಂಡೋಸ್ ಆ್ಯಕ್ಟಿವೇಟ್ ಆಗಿದೆಯಾ ಎನ್ನುವುದನ್ನೂ ನೋಡಿ. ಯಾವ ಪಾರ್ಟ್ ಬದಲಾಯಿಸಿದರು ಎಂದು ಬರೆದ ಕಾಗದ ಕೇಳಿ ತೆಗೆದುಕೊಳ್ಳಿ.

ಮತ್ತೆ ‘ತೊಂದರೆ ಕಾಣಲಿಲ್ಲ’ ಎಂದೇ ವಾಪಸ್ ಕೊಟ್ಟರೆ, ಯಾವ ಟೆಸ್ಟ್ ಎಷ್ಟು ಹೊತ್ತು ಓಡಿಸಿದರು ಎಂದು ಬರೆಸಿಕೊಳ್ಳಿ. ವಾರಂಟಿ ಮುಗಿಯಲು ಸ್ವಲ್ಪ ದಿನವೇ ಉಳಿದಿದ್ದರೆ, ಲ್ಯಾಪ್‌ಟಾಪ್ ಆಮೇಲೆ ಕೊಟ್ಟರೂ ಸರಿ, ಹೊಸ ದೂರನ್ನು ಇವತ್ತೇ ದಾಖಲಿಸಿ ಟಿಕೆಟ್ ನಂಬರ್ ತೆಗೆದುಕೊಳ್ಳಿ.