ಹಳೆಯ ಕಾರಿನ ಬೆಲ್ಟ್ ಕಿರುಚುತ್ತಿದೆಯೇ? ಬದಲಿಸುವ ಮುನ್ನ ಕಾರಣ ಹುಡುಕಿ

ಮಳೆಗಾಲದ ಬೆಳಗ್ಗೆ ಹಳೆಯ ಕಾರನ್ನು ಸ್ಟಾರ್ಟ್ ಮಾಡಿದೊಡನೆ ಬಾನೆಟ್ಟಿನೊಳಗಿಂದ ಏಳುವ ‘ಕೀಂ’ ಎಂಬ ಸದ್ದು ಇಡೀ ಬೀದಿಗೆ ಕೇಳಿಸುತ್ತದೆ. ಒಂದೆರಡು ನಿಮಿಷಗಳಲ್ಲಿ ಅದು ತಾನಾಗಿಯೇ ಅಡಗುವುದರಿಂದ ಅನೇಕರು ಅದನ್ನು ಅಲ್ಲಿಗೇ ಮರೆಯುತ್ತಾರೆ. ಉಳಿದವರು ಹೊಸ ಬೆಲ್ಟ್ ಹಾಕಿಸಿ ನಿಶ್ಚಿಂತರಾಗುತ್ತಾರೆ. ನಮ್ಮ ಮನೆಯ 1999ರ ಮಾರುತಿ 800ಕ್ಕೆ ಒಂದೇ ಮಳೆಗಾಲದಲ್ಲಿ ಎರಡು ಬೆಲ್ಟ್ ಹಾಕಿಸಿದರೂ ಸದ್ದು ಹೋಗದಿದ್ದಾಗ ನಾನು ಕಲಿತದ್ದೇನೆಂದರೆ, ಕಿರುಚುವುದು ಬೆಲ್ಟೇ ಆದರೂ ಅದನ್ನು ಕಿರುಚಿಸುವ ದೋಷ ಎಷ್ಟೋ ಸಲ ಬೇರೆಡೆ ಇರುತ್ತದೆ. ಆ ದೋಷವನ್ನು ಮನೆಯಂಗಳದಲ್ಲಿಯೇ ಬಹುಮಟ್ಟಿಗೆ ಪತ್ತೆ ಮಾಡಬಹುದು.

ಮಾರುತಿ 800, ಓಮ್ನಿ, ಅಂಬಾಸಿಡರ್‌ನಂತಹ ಹಳೆಯ ವಾಹನಗಳಲ್ಲಿ ಇರುವುದು ‘ವಿ’ ಆಕಾರದ ಬೆಲ್ಟ್. ಮಾರುತಿ 800ರಲ್ಲಿ ರೇಡಿಯೇಟರ್ ಫ್ಯಾನ್ ವಿದ್ಯುತ್ತಿನಿಂದ ತಿರುಗುತ್ತದೆಯಾದರೂ ಗ್ಯಾರೇಜಿನಲ್ಲಿ ಈ ಬೆಲ್ಟಿಗೆ ಇಂದಿಗೂ ‘ಫ್ಯಾನ್ ಬೆಲ್ಟ್’ ಎಂದೇ ಹೆಸರು. ಎಂಜಿನ್ ತಿರುಗಿಸುವ ಮುಖ್ಯ ಗಾಲಿಯಾದ ಕ್ರ್ಯಾಂಕ್ ಪುಲ್ಲಿಯ ತಿರುಗುವಿಕೆಯನ್ನು ಅದು ಆಲ್ಟರ್ನೇಟರ್‌ಗೆ, ಅಂದರೆ ನಮ್ಮ ಮೆಕ್ಯಾನಿಕ್‌ಗಳ ಮಾತಿನ ‘ಡೈನಮೋ’ಗೆ, ಹಾಗೂ ವಾಟರ್ ಪಂಪಿಗೆ ದಾಟಿಸುತ್ತದೆ. ಎಸಿ ಇದ್ದರೆ ಅದಕ್ಕೆ ಪ್ರತ್ಯೇಕ ಬೆಲ್ಟ್ ಇರುತ್ತದೆ. ಕವರಿನೊಳಗಿರುವ ಟೈಮಿಂಗ್ ಬೆಲ್ಟ್ ಬೇರೆಯೇ ಸಂಗತಿ; ಅದಕ್ಕೆ ಕೈ ಹಾಕಬಾರದು.

ಮೊದಲು ಕಿವಿಗೊಡಿ

ಬಾನೆಟ್ ತೆರೆಯುವ ಮೊದಲು, ಸದ್ದು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಎರಡು ಮೂರು ದಿನ ಗಮನಿಸಿ ಬರೆದಿಡಿ. ಸ್ಟಾರ್ಟ್ ಆದ ಕೂಡಲೇ ಬ್ಯಾಟರಿಯನ್ನು ತುಂಬಿಸಲು ಆಲ್ಟರ್ನೇಟರ್ ಹೆಚ್ಚು ಹೊರೆ ಹೊರುತ್ತದೆ. ಆದ್ದರಿಂದ ಬೆಳಗಿನ ಮೊದಲ ನಿಮಿಷದಲ್ಲಿ ಮಾತ್ರ ಬರುವ ಸದ್ದು ಸಡಿಲ ಬೆಲ್ಟನ್ನು, ಇಲ್ಲವೇ ಬಳಲಿದ ಬ್ಯಾಟರಿಯನ್ನು ಸೂಚಿಸುತ್ತದೆ. ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿದಾಗ ಸದ್ದು ಹೆಚ್ಚಿದರೆ ಶಂಕೆ ಆಲ್ಟರ್ನೇಟರ್ ಕಡೆಗೆ, ಎಸಿ ಗುಂಡಿ ಒತ್ತಿದಾಗ ಬಂದರೆ ಕಂಪ್ರೆಸರ್ ಕಡೆಗೆ, ಪವರ್ ಸ್ಟೀರಿಂಗ್ ಇರುವ ವಾಹನದಲ್ಲಿ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಬಂದರೆ ಅದರ ಪಂಪಿನ ಕಡೆಗೆ ತಿರುಗಬೇಕು.

ಸದ್ದಿನ ಬಗೆಯೂ ಮುಖ್ಯ. ಎಳೆದಂತೆ ಬರುವ ‘ಕೀಂ’ ಎಂದರೆ ಬೆಲ್ಟ್ ಜಾರುತ್ತಿದೆ. ಗುಬ್ಬಚ್ಚಿಯಂತೆ ಬಿಟ್ಟುಬಿಟ್ಟು ಬರುವ ‘ಚಿಕ್ ಚಿಕ್’ ಎಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಗರಗರ ಎಂಬ ಒರಟು ಸದ್ದು ಬೇರಿಂಗಿನದು.

ನೀರಿನ ಪರೀಕ್ಷೆ

ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ಪಂಚೆ, ಸೆರಗು, ದುಪಟ್ಟಾ, ಕೊರಳ ಸರ ಯಾವುದೂ ತೂಗಾಡುತ್ತಿರಬಾರದು. ಈ ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆಲ್ಟರ್ನೇಟರ್ ಮೇಲಾಗಲೀ ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಮೇಲಾಗಲೀ ನೀರು ಬೀಳಬಾರದು. ನೀರು ತಾಗಿದೊಡನೆ ಸದ್ದು ಜೋರಾದರೆ ಬೆಲ್ಟಿಗೆ ಬಿಗಿ ಸಾಲದು ಅಥವಾ ಎಣ್ಣೆ ಹತ್ತಿದೆ. ಕೆಲವು ಕ್ಷಣ ಅಡಗಿ, ನೀರು ಆರಿದ ಮೇಲೆ ಮರಳಿದರೆ ಪುಲ್ಲಿಗಳ ಸಾಲು ತಪ್ಪಿರುವ ಸಾಧ್ಯತೆ ಹೆಚ್ಚು. ಏನೂ ವ್ಯತ್ಯಾಸವಾಗದಿದ್ದರೆ ಬೇರಿಂಗನ್ನು ಪರೀಕ್ಷಿಸಬೇಕು.

ಎಂಜಿನ್ ನಿಲ್ಲಿಸಿ ನೋಡುವುದು

ಎಂಜಿನ್ ತಣ್ಣಗಾದ ಮೇಲೆ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕೆಲವು ವಾಹನಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು. ಬೆಲ್ಟನ್ನು ತಿರುಚಿ ಪಕ್ಕದ ಮೈಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಅದು ಗಾಜಿನಂತೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ನೂಲು ಎದ್ದಿದ್ದರೆ ಬೆಲ್ಟ್ ಹೋಗಿದೆ ಎಂದೇ ಅರ್ಥ. ಎಣ್ಣೆ ಹತ್ತಿದ್ದರೆ ಬೆಲ್ಟ್ ಬದಲಿಸುವುದಕ್ಕೆ ಮೊದಲು ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರುತ್ತಿದೆಯೇ ಎಂದೂ, ಕೂಲೆಂಟಿನ ಕಲೆಯಿದ್ದರೆ ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ಹನಿಯುತ್ತಿದೆಯೇ ಎಂದೂ ನೋಡಬೇಕು. ಸೋರಿಕೆ ನಿಲ್ಲಿಸದೆ ಹೊಸ ಬೆಲ್ಟ್ ಹಾಕಿದರೆ ಅದಕ್ಕೂ ಅದೇ ಗತಿ.

ಹೆಚ್ಚಿನವರು ಬೆಲ್ಟ್ ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ. ನಾವೂ ಹಾಗೆಯೇ ಮಾಡಿದ್ದೆವು. ‘ವಿ’ ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ತನ್ನ ಎರಡು ಪಕ್ಕಗಳಿಂದ. ಅದರ ತಳ ಪುಲ್ಲಿಯ ನಡುವೆ ಕೊರೆದ ಹಳ್ಳದ ತಳವನ್ನು ಮುಟ್ಟಲೇಬಾರದು. ಬೆಲ್ಟ್ ಮುಟ್ಟದ ಆ ಹಳ್ಳದ ತಳ ಸಹಜವಾಗಿ ಮಂಕಾಗಿ, ತುಸು ತುಕ್ಕು ಹಿಡಿದಿರಬೇಕು. ನಮ್ಮ ಕಾರಿನ ಬೆಲ್ಟ್ ಬಿಚ್ಚಿ ನೋಡಿದರೆ, ಆಲ್ಟರ್ನೇಟರ್ ಪುಲ್ಲಿಯ ತಳ ತೊಳೆದಿಟ್ಟ ಸ್ಟೀಲ್ ತಟ್ಟೆಯಂತೆ ಮಿರುಗುತ್ತಿತ್ತು. ಪಕ್ಕಗಳು ಸವೆದು ಹಳ್ಳ ಅಗಲವಾಗಿದ್ದರಿಂದ ಬೆಲ್ಟ್ ಒಳಕ್ಕೆ ಕುಸಿದು, ತಳದ ಮೇಲೆ ಕುಳಿತು ಜಾರುತ್ತಿತ್ತು. ಸಾಮಾನ್ಯವಾಗಿ ಈ ಪುಲ್ಲಿಯೇ ಎಲ್ಲಕ್ಕಿಂತ ಚಿಕ್ಕದು. ಅದನ್ನು ಬೆಲ್ಟ್ ಸುತ್ತಿಕೊಳ್ಳುವ ಜಾಗವೂ ಕಡಿಮೆ. ಹಾಗಾಗಿ ಜಾರುವಿಕೆ ಮೊದಲು ಶುರುವಾಗುವುದು ಅಲ್ಲಿಯೇ. ಪುಲ್ಲಿ ಬದಲಿಸಿದ ಮೇಲೆ ಹಾಕಿದ ಮೂರನೆಯ ಬೆಲ್ಟ್ ಸದ್ದು ಮಾಡಿಲ್ಲ.

ಬೆಲ್ಟ್ ಬಿಚ್ಚಿರುವಾಗಲೇ ಕ್ರ್ಯಾಂಕ್ ಪುಲ್ಲಿಯನ್ನು ಬಿಟ್ಟು ಉಳಿದ ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ, ಹಿಡಿದು ಅಲುಗಾಡಿಸಿ ನೋಡಿ. ಒರಟಾಗಿ ತಿರುಗಿದರೆ ಅಥವಾ ಅಲುಗಿದರೆ ಆ ಬೇರಿಂಗ್ ಸವೆದಿದೆ. ಪುಲ್ಲಿಗಳ ಮುಖಕ್ಕೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಸಾಲು ತಪ್ಪಿರುವುದು ಕಣ್ಣಿಗೇ ಕಾಣುತ್ತದೆ. ಇನ್ನೂ ಸಂಶಯವಿದ್ದರೆ ಬ್ಯಾಟರಿ ತಂತಿ ಜೋಡಿಸಿ, ತಣ್ಣಗಿರುವ ಎಂಜಿನ್ನನ್ನು ಬೆಲ್ಟ್ ಇಲ್ಲದೆ ಅರ್ಧ ನಿಮಿಷ ಓಡಿಸಿ. ಆಗಲೂ ಸದ್ದು ಬಂದರೆ ಅದು ಈ ಬೆಲ್ಟಿನ ದಾರಿಯದಲ್ಲ. ವಾಟರ್ ಪಂಪ್ ನಿಂತಿರುವುದರಿಂದ ಅದಕ್ಕಿಂತ ಹೆಚ್ಚು ಹೊತ್ತು ಓಡಿಸಬಾರದು.

ಬಿಗಿ ಎಷ್ಟಿರಬೇಕು?

ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಬೆಲ್ಟ್ ಹೆಚ್ಚೆಂದರೆ ಅರ್ಧ ಇಂಚು ಬಗ್ಗಬೇಕು ಎಂಬುದು ರೂಢಿಯ ಅಂದಾಜು. ನಿಮ್ಮ ವಾಹನದ ಕೈಪಿಡಿಯಲ್ಲಿ ಅಳತೆ ಇದ್ದರೆ ಅದನ್ನೇ ಅನುಸರಿಸಿ. ಆಲ್ಟರ್ನೇಟರಿನ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಹೊರಕ್ಕೆ ಮೀಟಿ, ಮತ್ತೆ ಬಿಗಿ ಮಾಡಬೇಕು. ಸದ್ದು ಹೋಗಲೆಂದು ತಂತಿಯಂತೆ ಎಳೆದು ಕಟ್ಟಿದರೆ ಬೆಲ್ಟಿನ ಬದಲು ಆಲ್ಟರ್ನೇಟರ್ ಮತ್ತು ವಾಟರ್ ಪಂಪಿನ ಬೇರಿಂಗುಗಳು ಹಾಳಾಗುತ್ತವೆ. ಸೋಪು, ಮೇಣ, ಎಣ್ಣೆ ಸವರುವ ಅಭ್ಯಾಸವಂತೂ ಬೇಡವೇ ಬೇಡ; ಅವು ಸದ್ದನ್ನು ಮುಚ್ಚುತ್ತವೆ, ಜಾರುವಿಕೆಯನ್ನು ಹೆಚ್ಚಿಸುತ್ತವೆ.

ಬ್ಯಾಟರಿಯನ್ನೂ ಮಲ್ಟಿಮೀಟರಿನಿಂದ ಅಳೆಯಿರಿ. ಎಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ 12.6 ವೋಲ್ಟ್, ಓಡುವಾಗ 13.8ರಿಂದ 14.5 ವೋಲ್ಟ್ ತೋರಿಸಿದರೆ ಬಹುತೇಕ ಸರಿಯಾಗಿದೆ.

ಹೊಸ ಬೆಲ್ಟ್ ಆರಂಭದಲ್ಲಿ ತುಸು ಹಿಗ್ಗುವುದರಿಂದ ಹತ್ತು ಹದಿನೈದು ನಿಮಿಷ ಓಡಿಸಿ ಒಮ್ಮೆ, ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬಿಗಿಯನ್ನು ನೋಡಬೇಕು. ದಾರಿಯಲ್ಲಿ ಸದ್ದು ಥಟ್ಟನೆ ನಿಂತು, ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡು, ಉಷ್ಣಾಂಶದ ಮುಳ್ಳು ಮೇಲೇರತೊಡಗಿದರೆ ಬೆಲ್ಟ್ ತುಂಡಾಗಿದೆ. ಆಗ ಮುಂದಿನ ಊರಿನವರೆಗೆ ಹೋಗೋಣವೆನ್ನದೆ ಅಲ್ಲಿಯೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ.