ಎರಡು ಕ್ಯಾಮ್ ಒಟ್ಟಿಗೆ ನಿಲ್ಲಲಿ

50 ಮೀಟರ್‌ನಲ್ಲಿ ನನ್ನ ಕಾಂಪೌಂಡ್ ಬಿಲ್ಲಿನ ಬಾಣಗಳು ಎಡಕ್ಕೂ ಬಲಕ್ಕೂ ಹೋಗುತ್ತಿರಲಿಲ್ಲ, ಮೇಲೆ ಕೆಳಗೆ ಚದುರುತ್ತಿದ್ದವು. ಒಂದು ಹತ್ತರ ವೃತ್ತದಲ್ಲಿ, ಮುಂದಿನದು ಎಂಟರ ಮೇಲಂಚಿನಲ್ಲಿ. ಗುರಿ ನೋಡುವ ಸೈಟ್ ತಿರುಗಿಸಿದರೆ ಗುಂಪಿನ ಜಾಗ ಬದಲಾಗುತ್ತದೆಯೇ ಹೊರತು ಅದರ ಉದ್ದ ಕಮ್ಮಿಯಾಗುವುದಿಲ್ಲ. ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಬೈಯುವುದು ಹೆದೆ ಬಿಡುವ ರಿಲೀಸನ್ನು. ನನಗೆ ಅನುಮಾನ ಬಂದಿದ್ದು ವಾಲ್ ಮೇಲೆ, ಅಂದರೆ ಹೆದೆ ಇನ್ನು ಹಿಂದೆ ಬರದೆ ನಿಲ್ಲುವ ಜಾಗದ ಮೇಲೆ. ಪೂರ್ತಿ ಎಳೆದಾಗ ಗಟ್ಟಿಯಾಗಿ ನಿಲ್ಲಬೇಕಾದ ಹೆದೆ, ಒಮ್ಮೆ ನಿಂತ ಹಾಗೆ ಮಾಡಿ ಆಮೇಲೆ ಇನ್ನೊಂಚೂರು ಜಗ್ಗುತ್ತಿತ್ತು.

ನನ್ನ ಕಾಂಪೌಂಡ್ ಬಿಲ್ಲಿಗೆ ಮೇಲೊಂದು ಕೆಳಗೊಂದು, ಒಂದೇ ಥರದ ಎರಡು ಕ್ಯಾಮ್, ಅಂದರೆ ಲಿಂಬ್ (ಬಿಲ್ಲಿನ ಬಾಗುವ ತೋಳು) ತುದಿಯಲ್ಲಿ ತಿರುಗುವ ಚಕ್ರಗಳು. ಎಳೆದಾಗ ಹೆದೆ ಬಿಚ್ಚಿಕೊಳ್ಳುತ್ತದೆ, ಕೇಬಲ್ ಸುತ್ತಿಕೊಳ್ಳುತ್ತದೆ. ಎರಡೂ ಕ್ಯಾಮ್‌ನ ಸ್ಟಾಪ್, ಅಂದರೆ ಕ್ಯಾಮ್ ಇನ್ನು ತಿರುಗದಂತೆ ತಡೆಯುವ ಗೂಟ, ಒಂದೇ ಕ್ಷಣಕ್ಕೆ ಕೇಬಲ್ ಮುಟ್ಟಬೇಕು; ಇದೇ ಟೈಮಿಂಗ್. ಒಂದು ಎತ್ತು ಮುಂದೆ, ಇನ್ನೊಂದು ಹಿಂದೆ ಎಳೆದರೆ ನೇಗಿಲ ಸಾಲು ಡೊಂಕಾಗುತ್ತೆ ಅಲ್ವಾ, ಹಾಗೆಯೇ ಇಲ್ಲಿ ಬಾಣದ ಹಿಂತುದಿ ಮೇಲೆ ಕೆಳಗೆ ಆಡಿಕೊಂಡು ಹೊರಡುತ್ತದೆ. ಸಿಂಗಲ್ ಕ್ಯಾಮ್ ಇದ್ದವರಿಗೆ ಎರಡನ್ನು ಹೊಂದಿಸುವ ಈ ತಂಟೆ ಇಲ್ಲ.

ಅನುಮಾನ ನಿಜವೇ ಅಂತ ನೋಡಲು ಸುಲಭದ ಪರೀಕ್ಷೆ ಒಂದಿದೆ. ಕೆಲವು ಬಾಣಗಳನ್ನು ವಾಲ್‌ಗೆ ಬಲವಾಗಿ ಎಳೆದು ಹಿಡಿದು ಬಿಡಿ. ಇನ್ನು ಕೆಲವನ್ನು ವಾಲ್ ಬಿಟ್ಟು ಕೂದಲೆಳೆಯಷ್ಟು ಸಡಿಲ ಮಾಡಿ ಬಿಡಿ. ಟೈಮಿಂಗ್ ಚೆನ್ನಾಗಿದ್ದರೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ಬೀಳುತ್ತವೆ. ನನ್ನವು ಬೇರೆ ಬೇರೆಯಾಗಿ ಕೂತವು.

ಆಮೇಲೆ ಬಿಲ್ಲನ್ನು ಡ್ರಾ ಬೋರ್ಡ್‌ಗೆ ಹಾಕಿದೆ. ದಪ್ಪ ಹಲಗೆ, ಒಂದು ತುದಿಯಲ್ಲಿ ಗ್ರಿಪ್ ಕೂರಿಸಲು ಗೂಟ, ಇನ್ನೊಂದು ತುದಿಯಲ್ಲಿ ಕೈಯಲ್ಲಿ ತಿರುಗಿಸುವ ವಿಂಚ್. ನಿಧಾನ ಎಳೆಯುತ್ತಾ ಕಣ್ಣಿಟ್ಟು ನೋಡಿದರೆ, ಮೇಲಿನ ಸ್ಟಾಪ್ ಆಗಲೇ ಕೇಬಲ್‌ಗೆ ಒತ್ತಿ ಕೂತಿದೆ, ಕೆಳಗಿನದಕ್ಕೆ ಇನ್ನೂ ಬೆಳಕು ತೂರುವಷ್ಟು ಸಂದು. ಬೋರ್ಡ್ ಇಲ್ಲದಿದ್ದರೆ ಬಾಣ ಹೂಡಿ, ಗುರಿಯ ಕಡೆಗೇ ಎಳೆದು ಹಿಡಿದು, ಪಕ್ಕದಲ್ಲಿದ್ದವರಿಂದ ವಿಡಿಯೊ ಮಾಡಿಸಿ. ಬಾಣವಿಲ್ಲದೆ ಬೇಡ. ಕೈ ಜಾರಿ ಖಾಲಿ ಬಿಲ್ಲು ಬಿಟ್ಟುಹೋದರೆ ಲಿಂಬ್ ಒಡೆಯಬಹುದು.

ರಿಪೇರಿ ಸಣ್ಣದು. ಮೊದಲು ಮುಟ್ಟುವ ಕ್ಯಾಮ್‌ಗೆ ಸುತ್ತಿಕೊಳ್ಳುವ ಕೇಬಲ್ ಇದೆಯಲ್ಲ, ಅದಕ್ಕೆ ಹುರಿ ಹಾಕಬೇಕು. ಕೇಬಲ್ ಗಿಡ್ಡವಾಗುತ್ತದೆ, ಆ ಕ್ಯಾಮ್ ತುಸು ಹಿಂದಕ್ಕೆ ಹೋಗುತ್ತದೆ, ಸ್ಟಾಪ್ ತಡವಾಗಿ ಮುಟ್ಟುತ್ತದೆ. ಶುರು ಮಾಡುವ ಮೊದಲು ಎರಡು ಆಕ್ಸಲ್‌ಗಳ ನಡುವಿನ ಅಳತೆ, ಬ್ರೇಸ್ ಹೈಟ್ (ಗ್ರಿಪ್‌ನಿಂದ ಹೆದೆಗಿರುವ ದೂರ), ಪೌಂಡ್ (ಎಳೆಯಲು ಬೇಕಾದ ಬಲ) ಎಲ್ಲ ಬರೆದುಕೊಂಡೆ. ಲಿಂಬ್‌ಗಳನ್ನು ಒತ್ತಿ ಹಿಡಿಯುವ, ಬಿಲ್ಲಿಗೆ ಹೊಂದುವ ಪ್ರೆಸ್‌ನಲ್ಲಿಟ್ಟು, ಕೇಬಲ್ ಸಡಿಲವಾಗುವಷ್ಟೇ ಒತ್ತಿ, ಕುಣಿಕೆಯನ್ನು ಗೂಟದಿಂದ ಬಿಡಿಸಿ, ಈಗಾಗಲೇ ಇರುವ ಹುರಿಯ ದಿಕ್ಕಿಗೇ ಅರ್ಧ ಸುತ್ತು. ಪ್ರೆಸ್ ಬಿಡುವ ಮುಂಚೆ ಪ್ರತಿ ಕುಣಿಕೆ ಸರಿಯಾಗಿ ಕೂತಿದೆಯಾ, ಕೇಬಲ್ ಕ್ಯಾಮ್‌ನ ತೋಡಿನಲ್ಲೇ ಇದೆಯಾ ಅಂತ ನೋಡಲೇಬೇಕು. ಮತ್ತೆ ಬೋರ್ಡ್, ಮತ್ತೆ ಅರ್ಧ ಸುತ್ತು. ಒಂದೇ ಸಲಕ್ಕೆ ಜಾಸ್ತಿ ತಿರುಗಿಸಿದರೆ ಎಲ್ಲಿದ್ದೆವು ಅನ್ನುವುದೇ ಗೊತ್ತಾಗುವುದಿಲ್ಲ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಕ್ಸೆಡ್ ಟೀಮ್ ಸೇರಿದ ಸುದ್ದಿ ಬಂದ ಮೇಲೆ ಈ ಬಿಲ್ಲಿನ ಬಗ್ಗೆ ಕೇಳುವವರು ಜಾಸ್ತಿ. ಅವರಿಗೆ ನಾನು ಮೊದಲು ಹೇಳುವುದು ಇಷ್ಟು: ಅಲೆನ್ ಕೀ ಕೈಯಲ್ಲಿದೆ ಅಂತ ಲಿಂಬ್ ಹಿಡಿದಿಡುವ ಬೋಲ್ಟನ್ನು ಒಂದೇ ಕಡೆ ತಿರುಗಿಸಿ ಟೈಮಿಂಗ್ ಸರಿಮಾಡಲು ಹೋಗಬೇಡಿ. ಬೋಲ್ಟ್ ತಿರುಗಿಸಿದರೆ ಎರಡನ್ನೂ ಸಮ ತಿರುಗಿಸಿ.

ಕ್ಯಾಮ್ ಮುಟ್ಟಿದ ಮೇಲೆ ಬೇರೆಯವೂ ಅಲುಗುತ್ತವೆ. ನನ್ನ ನಾಕಿಂಗ್ ಪಾಯಿಂಟ್ (ಹೆದೆಗೆ ಬಾಣ ಸಿಕ್ಕಿಸುವ ಜಾಗ) ತುಸು ಸರಿದಿತ್ತು, ಸ್ಕ್ವೇರ್ (ಲಂಬಕೋನದ ಅಳತೆಪಟ್ಟಿ) ಇಟ್ಟು ಮತ್ತೆ ಹೊಂದಿಸಿದೆ. ಬಾಣವನ್ನು ಪೇಪರ್‌ನಲ್ಲಿ ತೂರಿಸಿ ತೂತು ನೋಡುವುದು ಅದಾದ ಮೇಲೆಯೇ. ಟೈಮಿಂಗ್ ತಪ್ಪಿದ ಬಿಲ್ಲಲ್ಲಿ ಬಾಣ ಕೂರುವ ರೆಸ್ಟನ್ನು ಮೇಲೆ ಕೆಳಗೆ ಮಾಡಿ ಪೇಪರ್ ತೂತು ಸರಿಮಾಡಿಕೊಂಡರೆ ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದಂತೆ. ಹುರಿ ಹಾಕಿದ್ದರಿಂದ ಪೌಂಡ್ ಕೂಡ ಸ್ವಲ್ಪ ಏರುತ್ತದೆ. ಸ್ಪರ್ಧೆಯಲ್ಲಿ 60 ಪೌಂಡ್ ಮಿತಿ ಇರುವುದರಿಂದ ಅಂಚಿನಲ್ಲಿದ್ದವರು ತಕ್ಕಡಿಗೆ ಹಾಕಿ ನೋಡಿಕೊಳ್ಳಬೇಕು.

ಈಗ ಸ್ಟಾಪ್ ಮುಟ್ಟುವಾಗ ಕ್ಯಾಮ್ ಯಾವ ಕೋನದಲ್ಲಿರುತ್ತದೋ ಅಲ್ಲಿಗೆ ಬೆಳ್ಳಿ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೇನೆ. ಹೊಸ ಕೇಬಲ್ ಹಾಕಿದಾಗ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಲ್ಲು ಇದ್ದಾಗ ಆ ಗೆರೆಯನ್ನು ಮೊದಲು ನೋಡುತ್ತೇನೆ, ಸೈಟ್‌ಗೆ ಕೈ ಹಾಕುವುದು ಆಮೇಲೆ.